ಡಬ್ಬಿ ತೊಳೆದ ನೀರು

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿಬಿಡಿ. ಅರ್ಧ ಕೇಳಿ ಎದ್ದು ಹೋದವರು ನಾಗೇಂದ್ರಪ್ಪನನ್ನು ಬಾಯಿಗೆ ಬಂದಂತೆ ಬೈದಿದ್ದಾರೆ, ಮುಕ್ಕಾಲು ಕೇಳಿದವರು ಅವನ ಬೆನ್ನು ತಟ್ಟಿದ್ದಾರೆ, ನನಗಂತೂ ಎರಡೂ ಅವಸರದ ಕೆಲಸ ಅನ್ನಿಸುತ್ತದೆ. ದೊಡ್ಡ ಸಂಗತಿಯೇನೂ ಅಲ್ಲ. ಒಂದು ಡಬ್ಬಿ, ಒಂದು ತಂಬಿಗೆ ನೀರು, ವಾಡಿ ಜಂಕ್ಷನ್ನಿನ ಹಿಂದಿನ ಓಣಿಯಲ್ಲೊಂದು ಮನೆ, ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದ ಊಟದವರೆಗಿನ ಹೊತ್ತು. ರಜಾಕಾರರ ಗದ್ದಲ ಮುಗಿದು, ಮಿಲ್ಟ್ರಿಯವರು ಬಂದು, ಡೇರೆ ಹಾಕಿ, ಕಿತ್ತುಕೊಂಡು ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ಅವರು ತಿಂದು ಬಿಸಾಡಿದ ಡಬ್ಬಿಗಳು ಮಾತ್ರ ಇನ್ನೂ ಊರಲ್ಲಿದ್ದವು.

ಆ ವೈಶಾಖದ ಬೆಳಿಗ್ಗೆ ನಾಗೇಂದ್ರಪ್ಪ ಏಣಿ ಹತ್ತಿ, ಆ ಡಬ್ಬಿಗಳಿಗೆ ತೊಕ್ಕು ತುಂಬಿ ಮಾರುವ ಸಾವ್ಕಾರನ ಶೆಡ್ಡಿನ ಮಾಳಿಗೆಗೆ ಹೋದಾಗ ಶಹಾಬಾದ ಕಲ್ಲಿನ ಹಾಸು ಆಗಲೇ ಅಂಗಾಲು ಸುಡುತ್ತಿತ್ತು. ಮೂಲೆಯಲ್ಲಿ ಒಂದೇ ಒಂದು ಡಬ್ಬಿ. ಮೂರು ತಿಂಗಳಿಂದ ಅದು ಅಲ್ಲೇ ಇತ್ತು, ಬಿಸಿಲಲ್ಲಿ, ಅವನು ಬೇಕೆಂದೇ ಇಟ್ಟದ್ದು. ಒಳಗೆ ಹುಣಸೆ ತೊಕ್ಕು, ಎಳೆ ಹುಣಸೆಕಾಯಿ ಕುಟ್ಟಿ ಉಪ್ಪು ಮೆಣಸಿನಕಾಯಿ ಹಾಕಿದ್ದು, ನಾಲಗೆಗೆ ತಗುಲಿದರೆ ಕಿವಿಯ ಹಿಂದೆ ಜುಮ್ಮೆನ್ನುವಷ್ಟು ಹುಳಿ. ತೊಕ್ಕಿಗೂ ತಗಡಿಗೂ ನಡುವೆ ಅವನೇ ಬಳಿದ ಹೊಂಬಣ್ಣದ ವಾರ್ನಿಷು. ಅಗಸೆ ಎಣ್ಣೆ ಕಾಯಿಸಿ, ರಾಳ ಕರಗಿಸಿ, ಬೇಗ ಒಣಗಲೆಂದು ಮುರ್ದಾಸಂಗ ಎನ್ನುವ ಹಳದಿ ಪುಡಿ ಕಲಸಿ ಮಾಡುವುದು. ಶೆಡ್ಡಿನಲ್ಲಿ ಒಂದು ಕೊಡ ಎಣ್ಣೆಗೆ ಒಂದು ಹಿಡಿ ಪುಡಿ ಹಾಕುತ್ತಿದ್ದರು. ಈ ಡಬ್ಬಿಗೆಂದು ಅವನು ಬೇರೆ ಬಟ್ಟಲಲ್ಲಿ ಕಲಸಿ, ಆ ಬಟ್ಟಲಿಗೇ ಒಂದು ಹಿಡಿ ಹಾಕಿದ್ದ. ಒಂದೇ ಕೈ ಬಳಿದು, ಒಣಗುವ ಮುಂಚೆ ತೊಕ್ಕು ತುಂಬಿದ್ದ. ಈಗ ಮುಚ್ಚಳದ ಮೇಲೆ ಅಂಗೈ ಇಟ್ಟರೆ ಕಾದ ತಗಡು ಚುರುಕ್ಕೆಂದಿತು, ಅವನು ಕೈ ತೆಗೆಯಲಿಲ್ಲ. ಇವತ್ತು ಇದನ್ನು ತೊಳೆದ ನೀರನ್ನು ಗುರುಲಿಂಗಪ್ಪ ಸಾವ್ಕಾರ ನಾಲ್ಕು ಜನರೆದುರು ಕುಡಿಯಬೇಕು. ಕುಡಿಯಲಿ, ಇಲ್ಲವೇ ಕುಡಿಯಲಾರೆ ಎಂದು ಹೇಳಲಿ. ಯಾಕೆ ಕುಡಿಯಲಾರೆ ಎಂದು ಮಠದ ಅಯ್ಯನವರ ಮುಂದೆ, ಹೈದರಾಬಾದಿನಿಂದ ಬರುವ ಸಾಹೇಬರ ಮುಂದೆ, ಬಾಯಿ ಬಿಟ್ಟು ಹೇಳಲಿ. ಅವ್ವ ಸತ್ತ ದಿನದಿಂದ ನಾಗೇಂದ್ರಪ್ಪನಿಗೆ ಬೇಕಾಗಿದ್ದುದು ಅಷ್ಟೇ.

“ಏನಲೇ ನಾಗ್ಯಾ, ಮಾಳಗಿ ಮ್ಯಾಲ ಮೊಟ್ಟಿಗಿ ಕಾವ ಕುಂತೀದೇನ?” ಕೆಳಗಿನಿಂದ ಮಶಾಕ ಕೂಗಿದ. ಡಬ್ಬಿಗಳ ಬಾಯಿಗೆ ಬೆಸುಗೆ ಹಾಕುವವನು ಅವನು, ಸದಾ ಹಲ್ಲು ಕಿಸಿಯುವ ಮನುಷ್ಯ.

“ಬಂದೆ ತಡಿಯೋ.”

“ಜಲ್ದಿ ಬಾ. ಸಾವ್ಕಾರ ಬಂದ್ರ ನಿನ್ನ ಮಾರಿಗೂ ಒಂದ ಕೈ ಬಣ್ಣಾ ಬಳೀತಾರ ಮತ್ತ.”

ಮಶಾಕ ನಗಲೆಂದು ಹೇಳಿದ್ದು, ಆದರೆ ನಾಗೇಂದ್ರಪ್ಪನ ಎಡಗೆನ್ನೆ ಬಿಗಿಯಿತು. ಎರಡು ವರ್ಷದ ಹಿಂದೆ ಒಂದು ಡಬ್ಬಿಯ ತಳ ಬಳಿಯದೆ ಬಿಟ್ಟುಹೋಗಿದೆಯೆಂದು ಸಾವ್ಕಾರ ಅವನ ಕೈಯಿಂದ ಬ್ರಷ್ಷು ಕಿತ್ತುಕೊಂಡು, ಹುಣಸೆ ಕುಟ್ಟುವ ಹೆಂಗಸರೆಲ್ಲ ನೋಡುತ್ತಿರುವಾಗ, ಹಿಂಗ ಬಳೀಬೇಕೋ ಎಂದು ಕಿವಿಯಿಂದ ಬಾಯಿಯ ತುದಿಯವರೆಗೆ ಎಳೆದಿದ್ದ. ಹೆಂಗಸರು ನಕ್ಕಿದ್ದರು. ಸಾವ್ಕಾರನ ಹೆಂಡತಿ ಲಲಿತಾಬಾಯಿ ಮಾತ್ರ ನಗದೆ ಒಳಗಿನಿಂದ ಸೀಮೆಎಣ್ಣೆ ಅದ್ದಿದ ಬಟ್ಟೆ ತಂದು ಕೊಟ್ಟಿದ್ದಳು, ಅದು ನಗುವಿಗಿಂತ ಹೆಚ್ಚು ಸುಟ್ಟಿತ್ತು. ಆ ದಿನ ಮನೆಗೆ ಹೋದಾಗ ಅವ್ವ ಅವನ ಕೆನ್ನೆ ಮೂಸಿ, ಯಾವ ಮದಿವಿಗಿ ಹೋಗಿದ್ಯೋ ಯಪ್ಪಾ, ಮಾರಿ ಹೊಳೀಲಿಕತ್ತದ ಎಂದಳು. ಅವನು ಹೌದವ್ವಾ ಎಂದ. ಅವ್ವ ಖುಷಿಯಿಂದ ಸಾವ್ಕಾರ ಕೊಟ್ಟ ತೊಕ್ಕಿನ ಡಬ್ಬಿ ಮುಂದೆ ಎಳೆದುಕೊಂಡು ಕೂತಳು, ಮುಗಿಯಲಿಕ್ಕೆ ಬಂದಿತ್ತು ಅದು, ಬಿಸಿನೀರು ಹಾಕಿ ಅಲುಗಿಸಿ ಅಲುಗಿಸಿ ಎತ್ತಿ ಕುಡಿದಳು. ಗಂಟಲಿನ ಚರ್ಮ ಮೇಲೆ ಕೆಳಗೆ ಆಡುತ್ತಿತ್ತು.

ಪ್ರಸಾದ ಚೆಲ್ಲಬಾರದು. ಉಂಡ ತಾಟನ್ನು ತೊಳೆದು ಆ ನೀರು ಕುಡಿಯದೆ ಅವ್ವ ಎಂದೂ ಪಂಕ್ತಿಯಿಂದ ಎದ್ದವಳಲ್ಲ. ದಂಡೋತಿಯ ತವರುಮನೆಯಲ್ಲಿ ಅವಳಿಗೆ ಅವಳವ್ವ ಕಲಿಸಿದ್ದು, ಅವಳು ಇವನಿಗೆ ಕಲಿಸಿದ್ದು. ಕೊರಳಲ್ಲಿ ಲಿಂಗ ಕಟ್ಟಿದವರ ಮನೆಗಳಲ್ಲಿ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇದು ಗುರುಲಿಂಗಪ್ಪ ಸಾವ್ಕಾರನಿಗೂ ಚೆನ್ನಾಗಿ ಗೊತ್ತಿತ್ತು. ಮೊದಲ ವರ್ಷದ ಡಬ್ಬಿಗಳನ್ನು ಬಂಡಿಯಲ್ಲಿ ಹೇರಿ ಮಠಕ್ಕೆ ಒಯ್ದು, ಅಯ್ಯನವರ ಕೈಯಿಂದ ವಿಭೂತಿ ಹಚ್ಚಿಸಿ, ಪ್ರಸಾದ ತೊಕ್ಕು ಎಂದು ಚೀಟಿ ಅಂಟಿಸಿ ಸೇಡಂ, ಚಿತ್ತಾಪುರ, ಚಿಂಚೋಳಿಯ ಸಂತೆಗಳಿಗೆ ಕಳಿಸಿದ. ಹೆಸರು ಹಾಗೇ ನಿಂತಿತು. ತೊಕ್ಕು ಪ್ರಸಾದವಾದ ಮೇಲೆ ಡಬ್ಬಿಯೇ ತಾಟು. ಬೇರೆಯವರು ತಿಂದು ಬಿಸಾಡುವ ಡಬ್ಬಿಯನ್ನು ಈ ಮನೆಗಳ ಮುದುಕಿಯರು ಬೆರಳಿನಿಂದ ಒರೆಸಿ, ನೀರು ಹಾಕಿ, ತಳದಲ್ಲಿ ಏನೂ ಉಳಿಯದಂತೆ ಕುಡಿಯುತ್ತಿದ್ದರು. ತಳದಲ್ಲಿ ಏನು ಉಳಿದಿರುತ್ತದೆಂದು ಬಳಿದವನಿಗೆ ಗೊತ್ತಿರಬೇಕಲ್ಲ. ಗೊತ್ತಿರಲಿಲ್ಲ. ಇಲ್ಲ, ಅದು ಪೂರ್ತಿ ಖರೆ ಅಲ್ಲ. ಈರುಳ್ಳಿಯ ಒಳಸಿಪ್ಪೆಯಂಥ ಹಳದಿ ಚೂರು ನೀರಲ್ಲಿ ತೇಲಿದ್ದನ್ನು ಅವನು ಒಮ್ಮೆ ಕಂಡಿದ್ದ. ಅವ್ವಾ, ಇದೇನೋ ಬಂದದ ನೋಡ ಎಂದಿದ್ದ. ಹುಣಸಿ ನಾರ ಇರಬೇಕ ಬಿಡೋ ಎಂದು ಅವಳು ಕುಡಿದಳು. ಅವನು ತನ್ನ ಪಾಲಿನದನ್ನು, ಅವ್ವ ಅತ್ತ ತಿರುಗಿದಾಗ, ಹಿತ್ತಲಿನ ಬೇವಿನ ಬುಡಕ್ಕೆ ಚೆಲ್ಲಿದ. ಭಕ್ತಿ ಕಡಿಮೆಯಾದ್ದರಿಂದ ಚೆಲ್ಲಿದನೋ, ಭಯದಿಂದ ಚೆಲ್ಲಿದನೋ, ಇವತ್ತಿಗೂ ಅವನಿಗೆ ತಿಳಿಯದು. ಚೆಲ್ಲಿದ್ದರಿಂದ ಬದುಕಿದ್ದಾನೆ ಎಂಬುದಷ್ಟೇ ತಿಳಿದಿದೆ, ಮತ್ತು ಹಾಗೆ ಬದುಕಿರುವುದು ಪಂಕ್ತಿಯಲ್ಲಿ ಕದ್ದು ಎರಡನೇ ಸಲ ಬಡಿಸಿಕೊಂಡ ಹೋಳಿಗೆಯಂತೆ ಹೊಟ್ಟೆಯಲ್ಲಿ ಕೂತಿದೆ.

ಡಬ್ಬಿ ಬಗಲಲ್ಲಿಟ್ಟುಕೊಂಡು ಏಣಿ ಇಳಿಯುವಾಗ ಸಾವ್ಕಾರ ಬಂದೇ ಬಿಟ್ಟ. ಬಿಳಿ ರುಮಾಲು, ಹಣೆ ತುಂಬ ವಿಭೂತಿ, ನಡೆಯುವಾಗ ಚರಚರ ಎನ್ನುವ ಹೊಸ ಕಾಲ್ಮರಿ. ಆರೋಗ್ಯ ಖಾತೆಯ ಸಾಹೇಬರು ಹತ್ತೂವರೆಯ ಗಾಡಿಗೆ ಬರುವವರಿದ್ದರು. ಅವರು ನೋಡಿ ಒಪ್ಪಿದರೆ ಶಹಾಬಾದಿನ ಕಾರ್ಖಾನೆಯ ಊಟದ ಮನೆಗೆ ಈ ತೊಕ್ಕು ಹೋಗುತ್ತದೆ, ನೂರಾರು ಕೂಲಿಗಳ ಬಾಯಿಗೆ ದಿನಾ.

“ಏ ಬ್ರಷ್ಯಾ,” ಎಂದ ಸಾವ್ಕಾರ. ಮೂರು ವರ್ಷದಲ್ಲಿ ಒಮ್ಮೆಯೂ ನಾಗೇಂದ್ರಪ್ಪ ಎಂದು ಕರೆದಿರಲಿಲ್ಲ. “ಎರಡ ಕೈ ಬಳದದ್ದು ಹನ್ನೆರಡ ಡಬ್ಬಿ ಬ್ಯಾರೇ ತಗದ ಇಡ ಅಂದಿದ್ನಲ್ಲ, ಇಟ್ಟೀದೇನ?”

“ಇಟ್ಟೀನ್ರಿ.”

“ಸಾಹೇಬರಿಗಿ ಅವೇ ಕಾಣಬೇಕು. ಹಿಂದಿನ ಸಾಲ ಮುಟ್ಟಗೊಡಬ್ಯಾಡ.”

“ಸಾವ್ಕಾರ್ರ,” ಎಂದ ನಾಗೇಂದ್ರಪ್ಪ. ನಾಲಗೆ ತಾನಾಗಿ ಆಡಿತು. “ಎಲ್ಲಾಕ್ಕೂ ಎರಡ ಕೈ ಬಳದ್ರ ಛಲೋ ಇರ್ತಿತ್ತೇನೋರಿ. ಒಂದ ಕೈದು ಏಳ್ತದ್ರಿ ಹುಳಿಗಿ.”

“ಏಳ್ತದ? ಎದ್ದ ಎಲ್ಲಿಗಿ ಹೋಗ್ತದ, ಚಿಂಚೋಳಿಗ್ಯಾ?” ಸಾವ್ಕಾರ ತನ್ನ ಮಾತಿಗೆ ತಾನೇ ನಕ್ಕ. “ಎರಡನೇ ಕೈಗಿ ನಾಕ ದಿನ ಒಣಗಬೇಕು. ನಿಮ್ಮಪ್ಪ ಬಂದ ಊದತಾನೇನ? ಮುರ್ದಾಸಂಗ ಇನ್ನೊಂದೀಟ ಹಾಕು, ಜಲ್ದಿ ಒಣಗತದ. ಮತ್ತ ಅದೇನ ಬಗಲಾಗ?”

“ಊಟಕ್ಕ ಬಡಸ್ಲಿಕ್ಕ್ರಿ. ಎರಡ ಕೈದೇ ರೀ. ಹಳೀದು, ಹುಳಿ ಛಲೋ ಏರ್ಯಾದ.”

“ಹಾಂ. ಅಯ್ಯನವರಿಗಿ ಹಳೀದೇ ರುಚಿ.” ಸಾವ್ಕಾರ ಡಬ್ಬಿಯ ಮೇಲೆ ಎರಡು ಸಲ ಬಡಿದು ಮುಂದೆ ನಡೆದ. ಎರಡು ಕೈ ಬಳಿದವನ್ನೇ ತೋರಿಸು ಎಂದನಲ್ಲ. ಹಾಗಾದರೆ ಸಾವ್ಕಾರನಿಗೆ ಗೊತ್ತಿದೆ. ಅಥವಾ ಬರೀ ಹೊಳಪಿಗಾಗಿ ಹೇಳಿದನೋ. ಇದೊಂದು ಗಂಟು ಬಿಚ್ಚದೆ ನಾಗೇಂದ್ರಪ್ಪನಿಗೆ ಮೂರು ತಿಂಗಳಿಂದ ನಿದ್ದೆ ಸರಿಯಿರಲಿಲ್ಲ. ಸಾವ್ಕಾರನ ಅಡುಗೆಮನೆಯಲ್ಲಿ ಅವರ ಮನೆಯ ತೊಕ್ಕು ಚೀನಿ ಭರಣಿಯಲ್ಲಿರುವುದನ್ನು ಅವನು ಕಣ್ಣಾರೆ ಕಂಡಿದ್ದ. ಆದರೆ ಭರಣಿ ಎಲ್ಲ ಉಳ್ಳವರ ಮನೆಯಲ್ಲೂ ಇರುತ್ತದೆ. ಗೊತ್ತಿಲ್ಲದೆ ಕೊಂದವನ ಮೇಲೆ ಸೇಡು ಹೇಗೆ ತೀರಿಸುವುದು? ಗೊತ್ತಿಲ್ಲದೆ ಕೊಂದವನು ಎಂದರೆ ತಾನೂ ಅದೇ ಅಲ್ಲವೇ? ಅದಕ್ಕೇ ಸಾವ್ಕಾರ ಗೊತ್ತಿದ್ದವನಾಗಿರಬೇಕು. ಗೊತ್ತಿದ್ದವನಾಗಿರಲಿ ಎಂದು ನಾಗೇಂದ್ರಪ್ಪ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬೇಡಿಕೊಂಡಿದ್ದ, ಮಳೆ ಬರಲಿ ಎಂದು ಬೇಡುವವರಂತೆ.

ಅವ್ವನ ಅಂಗೈ. ಮೊದಲು ಹೊಟ್ಟೆ ಹಿಂಡಿಕೊಂಡು ಬರುತ್ತಿತ್ತು, ಎಂಟೆಂಟು ದಿನ ಹೊರಕಡೆಗೆ ಆಗುತ್ತಿರಲಿಲ್ಲ, ವಾಯು ಎಂದು ಓಮಿನ ಕಾಳು ಜಗಿದಳು. ಆಮೇಲೆ ರೊಟ್ಟಿ ಬಡಿಯುವ ಕೈ ಮಣಿಕಟ್ಟಿನಲ್ಲಿ ಜೋತುಬಿತ್ತು. ಆಮೇಲೆ ಎಡಗೈ. ಬೆರಳುಗಳು ಒಳಮುಖವಾಗಿ ಮಡಚಿಕೊಂಡು, ಬಿಚ್ಚೆಂದರೆ ಬಿಚ್ಚುತ್ತಿರಲಿಲ್ಲ. ಪೂಜೆಗೆ ಕೂತು, ಬಲಗೈಯಿಂದ ಎಡಗೈ ಬೆರಳು ಬಿಡಿಸಲು ನೋಡಿ, ಬಲಗೈಯೂ ಕೇಳದೆ, ಲಿಂಗ ತೊಡೆಯ ಮೇಲೆ ಉರುಳಿ ಬಿದ್ದಾಗ ಅವ್ವ ಮಗನ ಕಡೆ ನೋಡಿದ ನೋಟವನ್ನು ಅವನು ಯಾರಿಗೂ ಹೇಳಿಲ್ಲ. ಎಪ್ಪತ್ತು ವರ್ಷದವಳು ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಂಡ ಕೂಸಿನ ಹಾಗೆ ನೋಡಿದ್ದಳು. ನಾನೇನ ಪಾಪ ಮಾಡೀನೋ, ಲಿಂಗಯ್ಯ ನನ್ನ ಕೈಯಾಗ ಕುಂದ್ರವಲ್ಲ ಎಂದಳು. ಕೊನೆಯ ತಿಂಗಳು ಲಲಿತಾಬಾಯಿ ದಿನಾ ಬಂದು, ಅವ್ವನ ಅಂಗೈ ಕೆಳಗೆ ತನ್ನ ಅಂಗೈ ಕೊಟ್ಟು, ಪೂಜೆ ಮುಗಿಯುವತನಕ ಹಿಡಿದುಕೊಂಡು ಕೂರುತ್ತಿದ್ದಳು. ಯಾರೂ ಹೇಳಿರಲಿಲ್ಲ. ಹಿಡಿದ ಕೈ ಸೋತರೆ ಕೈ ಬದಲಿಸುತ್ತಿದ್ದಳು. ಆ ಹೊತ್ತಿಗೆ ನಾಗೇಂದ್ರಪ್ಪ ಹೊರಗೆ ಹೋಗಿ ಬೇವಿನ ಬುಡದಲ್ಲಿ ನಿಲ್ಲುತ್ತಿದ್ದ.

ಶಹಾಬಾದಿನ ಅಮೀರ್ ಅಲಿ ಕಂಪೌಂಡರ ಅವ್ವನ ತುಟಿ ಎತ್ತಿ ನೋಡಿದ್ದು ಅದಕ್ಕೂ ಮುಂಚೆ, ದೀಪಾವಳಿಯ ಹೊತ್ತಿಗೆ. ಹೈದರಾಬಾದಿನ ಛಾಪಖಾನೆಯೊಂದರ ದವಾಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದ ಮುದುಕ. ಒಸಡಿನ ಅಂಚಿಗೆ ಕಾಡಿಗೆ ಎಳೆದಂತೆ ನೀಲಿ ಗೆರೆ. ಮುದುಕ ತುಟಿ ಬಿಟ್ಟು, ಕೈ ತೊಳೆದುಕೊಂಡು, ನಾಗೇಂದ್ರಪ್ಪನನ್ನು ಹೊರಗೆ ಕರೆದ.

“ಇದು ಸೀಸದ ಗೆರಿ. ಅಚ್ಚಿನ ಮೊಳಿ ಜೋಡಸವ್ರ ಬಾಯಾಗ ನೋಡೀನಿ ನಾನು. ಅದೇ ಕೈಲೆ ಊಟಾ ಮಾಡತಿದ್ರು ಪಾಪ. ನಿಮ್ಮ ಅಮ್ಮಾ ಛಾಪಖಾನ್ಯಾಗ ಇಲ್ಲಲ್ಲ?”

“ಇಲ್ರಿ. ಮನ್ಯಾಗೇ ಇರತಾಳ್ರಿ.”

“ಮತ್ತ ಎಲ್ಲಿಂದ ಬಂತು? ಬಣ್ಣದ ಕೆಲಸಾ, ಮುರ್ದಾಸಂಗ, ಸಿಂಧೂರ, ಇಂಥಾದ್ದೇನರ ಮನ್ಯಾಗ ಅದ ಏನ?”

ನಾಗೇಂದ್ರಪ್ಪ ಇಲ್ರಿ ಎಂದ. ಉಗುರಿನ ಸಂದಿಯಲ್ಲಿ ಹಳದಿ ಇತ್ತು, ಬೆರಳು ಮಡಚಿಕೊಂಡ.

“ಒಮ್ಮಿಗೇ ಭಾಳ ಹೋದ್ರ ಹೊಟ್ಟ್ಯಾಗ ಬೆಂಕಿ ಬೀಳ್ತದ,” ಎಂದ ಮುದುಕ. “ದಿನಾ ಹನಿ ಹನಿ ಹೋದ್ರ ಎಲಬಿನಾಗ ಮನಿ ಮಾಡ್ತದ. ಹೋಗ್ರಿ, ಅದು ಎಲ್ಲದ ಹುಡುಕಿ ಮೊದಲ ಅದನ್ನ ಬಂದ ಮಾಡ್ರಿ.”

ಅವನು ಬಂದ್ ಮಾಡಿದ. ಮನೆಯಲ್ಲಿದ್ದ ಡಬ್ಬಿಗಳನ್ನೆಲ್ಲ ಕಾಗಿಣಾ ಹೊಳೆಗೆ ಎಸೆದು ಬಂದ. ಪ್ರಸಾದ ಹೊಳಿಗಿ ಹಾಕದ್ಯಾ ಎಂದು ಅವ್ವ ಎರಡು ದಿನ ಉಪವಾಸ ಕೂತಳು. ಯಾಕೆ ಹಾಕಿದೆ ಎಂದು ಅವನು ಹೇಳಲಿಲ್ಲ. ಹೇಳಿದ್ದರೆ, ಅದನ್ನ ಬಳದವ್ರು ಯಾರೋ ಯಪ್ಪಾ ಎಂದು ಅವಳು ಕೇಳುತ್ತಿದ್ದಳು. ಪುಷ್ಯದಲ್ಲಿ ಸತ್ತಳು. ಕುಳ್ಳಿರಿಸಿ ಮಣ್ಣು ಮಾಡುವಾಗ ಅಂಗೈಯಲ್ಲಿ ಲಿಂಗ ಇಡಬೇಕಲ್ಲ, ಅಯ್ಯನವರು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ಬಿಟ್ಟ ಕೂಡಲೇ ಅವು ಮಡಚಿಕೊಂಡವು, ಕೊನೆಗೆ ಶಿವದಾರದಿಂದ ಕಟ್ಟಿದರು. ಮೂರನೆಯ ದಿನದ ಊಟಕ್ಕೆ ಸಾವ್ಕಾರ ತಾನಾಗಿ ಎರಡು ಡಬ್ಬಿ ತೊಕ್ಕು ಕಳಿಸಿದ. ಬಂದವರು ಅವನ ದೊಡ್ಡ ಮನಸ್ಸನ್ನು ಹೊಗಳುತ್ತ ಉಂಡರು, ಇಬ್ಬರು ಮುದುಕಿಯರು ಡಬ್ಬಿ ತೊಳೆದು ಹಂಚಿಕೊಂಡು ಕುಡಿದರು, ಮಹಾದೇವಮ್ಮ ಇದ್ದಿದ್ರ ಒಂದ ಹನಿ ಬಿಡ್ತಿದ್ದಿಲ್ಲ ಎಂದು ಅವ್ವನನ್ನೇ ನೆನೆದರು. ನಾಗೇಂದ್ರಪ್ಪ ಕೈಕಟ್ಟಿ ನಿಂತಿದ್ದ. ಆ ಹೊತ್ತಿಗೆ ಅವನಿಗೆ ಅಳು ಬರಬೇಕಿತ್ತು, ಬಂದದ್ದು ಈ ಡಬ್ಬಿಯ ಯೋಚನೆ.

ಹತ್ತೂವರೆಗೆ ಬಂದ ಗುಲಾಮ ದಸ್ತಗೀರ ಸಾಹೇಬರು ಅವನು ಅಂದುಕೊಂಡಂತೆ ಇರಲಿಲ್ಲ. ತೆಳ್ಳಗಿನ, ಮೆಲ್ಲಗೆ ಮಾತಾಡುವ ಮನುಷ್ಯ, ಬಿಸಿಲಿಗೆ ತಲೆನೋವೆಂದು ಹಣೆಗೆ ಕರವಸ್ತ್ರ ಕಟ್ಟಿಕೊಂಡಿದ್ದರು. ಮುಂದಿನ ಸಾಲಿನ ಎರಡು ಡಬ್ಬಿ ತೆಗೆಸಿ, ಮೂಸಿ, ಖಾಲಿ ಡಬ್ಬಿಯೊಂದರ ಒಳಮೈಯನ್ನು ಉಗುರಿನಿಂದ ಕೆರೆದು ನೋಡಿದರು. ಎರಡು ಕೈ ಬಳಿದದ್ದು, ಚೂರೂ ಏಳಲಿಲ್ಲ.

“ಹೊಳಪ ಛಲೋ ಅದ. ಒಳಗಿಂದು ಯಾರು ಬಳೀತಾರ?”

“ಇಂವಾ ನೋಡ್ರಿ ಸಾಹೇಬ್ರ,” ಸಾವ್ಕಾರ ನಾಗೇಂದ್ರಪ್ಪನ ಹೆಗಲಿಗೆ ಕೈ ಹಾಕಿ ಮುಂದೆ ದೂಡಿದ. “ಇವನ ಕೈ ಬಂಗಾರ. ಶುರುವಿಂದ ಇಲ್ಲೀತನಕಾ ಎಲ್ಲಾ ಡಬ್ಬೀನೂ ಇವನದೇ ಕೈ.”

“ಏನೇನ ಹಾಕ್ತೀಪಾ ಇದ್ರಾಗ?”

ಆ ಒಂದು ಕ್ಷಣ ಎಲ್ಲವೂ ಸುಲಭವಾಗಿತ್ತು. ನಾಲ್ಕು ಅಕ್ಷರದ ಒಂದು ಮಾತು, ಹಿಂದಿನ ಸಾಲಿನ ಕಡೆ ಒಂದು ಬೆರಳು. ಸಾಹೇಬರು ಕಾಯುತ್ತಿದ್ದರು, ಕಣ್ಣಲ್ಲಿ ಅನುಮಾನವೂ ಇರಲಿಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು. ಹೆಗಲ ಮೇಲಿನ ಕೈ ಭಾರವಾಯಿತು. ಎಲ್ಲಾ ಡಬ್ಬೀನೂ ಇವನದೇ ಕೈ. ಹೇಳಿದರೆ ಬರೆದುಕೊಳ್ಳುವ ಹೆಸರು ಯಾವುದು? ಮತ್ತೆ, ಇನ್ನೊಂದು, ಇದು ಹೆಸರಿನ ಭಯಕ್ಕಿಂತ ಕೆಳಗಿನದು, ಅವನಿಗೇ ಹೇಳಿಕೊಳ್ಳಲು ನಾಚಿಕೆಯಾದದ್ದು. ಈಗ ಹೇಳಿಬಿಟ್ಟರೆ ಬಗಲಲ್ಲಿದ್ದ ಡಬ್ಬಿ ದಂಡ. ಸಾಹೇಬರು ಶೆಡ್ಡಿಗೆ ಬೀಗ ಹಾಕಿಸುತ್ತಾರೆ, ಸಾವ್ಕಾರ ಜೋಳದ ವ್ಯಾಪಾರಕ್ಕೋ ಕಲ್ಲಿನ ವ್ಯಾಪಾರಕ್ಕೋ ಇಳಿಯುತ್ತಾನೆ, ಅವನ ಗಂಟಲು ಮಾತ್ರ ಹಾಗೇ ಉಳಿಯುತ್ತದೆ, ನುಂಗದೆ.

“ಅಗಸಿ ಎಣ್ಣಿ, ರಾಳ, ಅಷ್ಟೇ ರೀ,” ಎಂದ.

“ಬಹುತ್ ಅಚ್ಛಾ,” ಎಂದರು ಸಾಹೇಬರು.

ಸಾವ್ಕಾರನ ಪಡಸಾಲೆಯಲ್ಲಿ ಪಂಕ್ತಿ ಹಾಕಿದ್ದರು. ಮಠದ ಅಯ್ಯನವರು ನಡುವೆ, ಅವರ ಬಲಕ್ಕೆ ಸಾವ್ಕಾರ, ಓಣಿಯ ನಾಲ್ಕೈದು ಹಿರಿಯರು. ಸಾಹೇಬರಿಗೆ ಎದುರಿನ ಗೋಡೆಗೆ ಕುರ್ಚಿ ಮೇಜು. ನಾಗೇಂದ್ರಪ್ಪನಿಗೆ ಕೂರೆಂದು ಯಾರೂ ಹೇಳಲಿಲ್ಲ, ಅವನು ಡಬ್ಬಿ ಹಿಡಿದು ಬಡಿಸುವವನಾದ. ಸಾಹೇಬರಿಗೆ ಮುಂದಿನ ಸಾಲಿನ ಡಬ್ಬಿಯದನ್ನು ಹಾಕಿದ, ಇಷ್ಟು ಲೆಕ್ಕ ಅವನಲ್ಲಿ ಉಳಿದಿತ್ತು. ಅಯ್ಯನವರಿಗೂ ಹಿರಿಯರಿಗೂ ಅದರದೇ. ತನ್ನ ಡಬ್ಬಿಯ ತೊಕ್ಕನ್ನು ಸಾವ್ಕಾರನ ತಾಟೊಂದಕ್ಕೇ ಎರಡು ಸಲ, ಮೂರು ಸಲ ಬಡಿಸಿದ, ಉಳಿದದ್ದನ್ನು ಹಿತ್ತಲಲ್ಲಿ ತೋಡಿ ಚೆಲ್ಲಿ ಬಂದ. ರೊಟ್ಟಿ ಮುರಿಯುವ ಸದ್ದು, ಹುಗ್ಗಿಯ ಮೇಲೆ ಬೀಳುವ ತುಪ್ಪ. ಸಾವ್ಕಾರ ಬೆರಳು ನೆಕ್ಕಿ, ಹಾ, ಎಂಥಾ ಹುಳಿ ಏರ್ಯಾದ ನೋಡ್ರಿ ಎಂದ. ನಾಗೇಂದ್ರಪ್ಪನ ಬಾಯಲ್ಲಿ ನೀರೂರಿತು, ಹಸಿವಿನದಲ್ಲ. ಉಂಡು ಮುಗಿಸಿ ಎಲ್ಲರೂ ತಾಟಿಗೆ ನೀರು ಹಾಕಿ ತೊಳೆದು ಕುಡಿದರು. ಸಾಹೇಬರು ಕುತೂಹಲದಿಂದ ನೋಡುತ್ತಿದ್ದರು, ಹಿರಿಯರೊಬ್ಬರು ವಿವರಿಸಿದರು, ಸಾಹೇಬರು ಒಳ್ಳೆಯ ರಿವಾಜು ಎಂದು ತಲೆದೂಗಿದರು. ಆಗ ನಾಗೇಂದ್ರಪ್ಪ ತಂಬಿಗೆಯಿಂದ ಡಬ್ಬಿಗೆ ನೀರು ಹೊಯ್ದ. ಅಲುಗಿಸಿದ. ಬೆರಳಿನಿಂದ ಒಳಮೈ ಉಜ್ಜಿದ. ಅವನು ಅಂದುಕೊಂಡದ್ದಕ್ಕಿಂತ ಹೆಚ್ಚು ಎದ್ದುಬಂತು.

“ಸಾವ್ಕಾರ್ರ,” ಎಂದ. ಧ್ವನಿ ಗಟ್ಟಿಯಾಗಿಯೇ ಬಂತು. “ಡಬ್ಬಿ ಪ್ರಸಾದ ರೀ.”

ಸಾವ್ಕಾರ ನಗುತ್ತ ಎರಡೂ ಕೈ ಚಾಚಿ ಡಬ್ಬಿ ತೆಗೆದುಕೊಂಡ. ಒಳಗೆ ನೋಡಿದ. ಕಿಟಕಿಯ ಬೆಳಕು ನೀರಿನ ಮೇಲೆ ಬಿದ್ದಿತ್ತು, ಹಳದಿ ಚೂರುಗಳು ಹೊರಳುತ್ತಿದ್ದವು. ನಗು ಮುಖದ ಮೇಲೇ ಇತ್ತು, ಕೆಳಗಿನ ಮಾಂಸ ಸರಿದುಹೋಗಿತ್ತು. ತಲೆ ಎತ್ತಿ ನಾಗೇಂದ್ರಪ್ಪನನ್ನು ನೋಡಿದ, ಮೂರು ವರ್ಷದಲ್ಲಿ ಮೊದಲ ಸಲ ಪೂರ್ತಿ ನೋಡಿದ.

“ಈಗಷ್ಟೇ ತಾಟಿಂದು ಕುಡದೀನಪಾ. ಹೊಟ್ಟ್ಯಾಗ ಜಾಗಾ ಇಲ್ಲ.”

“ಪ್ರಸಾದಕ್ಕ ಜಾಗಾ ಇಲ್ಲ ಅಂತಾರೇನೋ ಗುರುಲಿಂಗಪ್ಪಾ?” ಅಯ್ಯನವರು ನಕ್ಕರು. “ಹುಗ್ಗಿಗಿ ಮೂರ ಸಲ ಜಾಗಾ ಆಗಿತ್ತಲ್ಲ!”

ಪಂಕ್ತಿಯೆಲ್ಲ ನಕ್ಕಿತು. ಸಾವ್ಕಾರನೂ ನಕ್ಕ. ಡಬ್ಬಿ ತುಟಿಯವರೆಗೆ ಹೋಯಿತು, ನಿಂತಿತು. ಮೇಲ್ದುಟಿಯ ಮೇಲೆ ಬೆವರಿನ ಸಾಲು ಮೂಡಿತು. ಗೊತ್ತಿದೆ. ಗೊತ್ತಿದೆ, ಇವನಿಗೆ ಗೊತ್ತಿದೆ, ಮೊದಲಿನಿಂದ ಗೊತ್ತಿದೆ. ನಾಗೇಂದ್ರಪ್ಪನ ಮೈಯೆಲ್ಲ ಹಗುರಾಯಿತು, ಕುಣಿಯಬೇಕೆನ್ನಿಸಿತು, ಅಂಗಾಲಿನ ಕೆಳಗೆ ಕಲ್ಲು ತಣ್ಣಗಿತ್ತು. ಕುಡಿ. ಇಲ್ಲ ಹೇಳು. ಯಾವುದಾದರೂ ಸರಿ.

ಸಾವ್ಕಾರ ಡಬ್ಬಿ ಇಳಿಸಿ ಅಡುಗೆಮನೆಯ ಬಾಗಿಲ ಕಡೆ ತಿರುಗಿದ. “ಏನ, ಕೇಳ್ತೀಯೇನ, ಇಲ್ಲಿ ಬಾ. ನೀ ಇನ್ನೂ ಉಂಡಿಲ್ಲ. ಮೊದಲ ಪ್ರಸಾದ ತಗೋ.”

ಲಲಿತಾಬಾಯಿ ಸೆರಗು ತಲೆಯ ಮೇಲೆ ಎಳೆದುಕೊಂಡು, ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತ ಬಂದಳು. ಗಂಡನ ಕೈಯಿಂದ ಡಬ್ಬಿ ತೆಗೆದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡಳು. ಅಯ್ಯನವರು ಛಲೋ ಆತು ಎಂಬಂತೆ ತಲೆಯಾಡಿಸಿದರು. ಸಾಹೇಬರು ಕೈ ತೊಳೆಯಲು ಎದ್ದಿದ್ದರು. ಸಾವ್ಕಾರ ಹೆಂಡತಿಯ ಕಡೆ ನೋಡುತ್ತಿರಲಿಲ್ಲ, ನಾಗೇಂದ್ರಪ್ಪನ ಕಡೆ ನೋಡುತ್ತಿದ್ದ. ಹೇಳು ನೋಡೋಣ ಎಂಬ ನೋಟ. ಅದರಲ್ಲಿ ಏನಿದೆ ಎಂದು ನೀನೇ ಹೇಳು, ಯಾರು ಕಲಸಿದ್ದು, ಎಷ್ಟು ಕಲಸಿದ್ದು, ಯಾಕೆ ಇದನ್ನೇ ತಂದೆ ಎಂದು ಸಾಹೇಬರಿಗೆ ನೀನೇ ಹೇಳು. ನಾಗೇಂದ್ರಪ್ಪನ ಬಾಯಿ ತೆರೆದೇ ಇತ್ತು. ಬ್ಯಾಡ್ರಿ ಅಕ್ಕಾ. ಎರಡೇ ಮಾತು. ಒಮ್ಮೆಗೆ ಹೋದರೆ ಏನಾಗುತ್ತದೆಂದು ಕಂಪೌಂಡರ ಮುದುಕ ಹೇಳಿದ್ದ, ಎಷ್ಟು ಎಂದರೆ ಭಾಳ ಎಂದು ಹೇಳಿರಲಿಲ್ಲ. ಒಂದು ಸಲ, ಒಂದೇ ಗುಟುಕು, ಏನೂ ಆಗಲಿಕ್ಕಿಲ್ಲ, ಅವ್ವ ಎರಡು ವರ್ಷ ಕುಡಿದಳಲ್ಲ, ಎಂದು ಯಾರೋ ಅವನೊಳಗೆ ಅವಸರದಿಂದ ಹೇಳುತ್ತಿದ್ದರು, ಆ ಧ್ವನಿ ಸಾವ್ಕಾರನ ಧ್ವನಿಯ ಹಾಗಿತ್ತು.

ಅವಳು ಎತ್ತಿ ಕುಡಿದಳು. ನಿಲ್ಲಿಸದೆ ಕುಡಿದಳು. ಡಬ್ಬಿ ಇಳಿಸಿ ಒಳಗೆ ಇಣುಕಿದಳು.

“ತಮ್ಮಾ, ತಳದಾಗ ಇನ್ನೂ ಅಂಟ್ಯಾದ ನೋಡು,” ಎಂದು ಡಬ್ಬಿಯನ್ನು ಅವನ ಕಡೆ ಚಾಚಿದಳು. “ಇನ್ನೊಂದೀಟ ನೀರ ಹಾಕು. ಪ್ರಸಾದ ಬಿಡಬಾರದು.”

ತಂಬಿಗೆ ಅವನ ಕೈಯಲ್ಲಿತ್ತು. ಸಾವ್ಕಾರನ ಗಲ್ಲ ಆಗ ನಡುಗಿತು. ಮೊದಲು ಸಣ್ಣಗೆ, ಆಮೇಲೆ ಹಲ್ಲು ಕಚ್ಚಿದರೂ ನಿಲ್ಲದೆ. ಒಂದು ಸಲಕ್ಕೆ ಅವನು ತಯಾರಾಗಿದ್ದ, ಎರಡನೆಯದಕ್ಕೆ ಇರಲಿಲ್ಲ. ಕಣ್ಣಿನಲ್ಲಿ ಬೇಡುವುದು ಕಾಣಿಸಿತು, ಆದರೆ ಬಾಯಿ ಬಿಡಲಿಲ್ಲ, ಬಿಟ್ಟರೆ ಕೈತಪ್ಪುವುದೆಲ್ಲ ಸಾಹೇಬರಾಗಿ ಆ ಎದುರಿನ ಕುರ್ಚಿಯ ಹತ್ತಿರ ಕೈ ಒರೆಸಿಕೊಳ್ಳುತ್ತ ನಿಂತಿತ್ತು. ಈ ಮುಖವನ್ನು ನೋಡಲೆಂದೇ ನಾಗೇಂದ್ರಪ್ಪ ಮೂರು ತಿಂಗಳು ಬಿಸಿಲಲ್ಲಿ ಡಬ್ಬಿ ಕಾದಿದ್ದ. ಸರಿಯಾಗಿ ಇದೇ ಮುಖ. ಇದು ಇನ್ನೂ ಸ್ವಲ್ಪ ಹೊತ್ತು ಹೀಗೇ ಇರಲಿ ಎಂದು ಅವನಿಗೆ ಅನ್ನಿಸಿತು, ಇಷ್ಟು ಬೇಗ ಮುಗಿಯದಿರಲಿ ಎಂದು. ಲಲಿತಾಬಾಯಿ ಡಬ್ಬಿ ಚಾಚಿಕೊಂಡೇ ನಿಂತಿದ್ದಳು. ಅವನು ತಂಬಿಗೆ ಬಾಗಿಸಿದ.

ಈಗ ನೀವು ಹೇಳಿ. ಆ ತಂಬಿಗೆ ನಿಮ್ಮ ಕೈಯಲ್ಲಿದ್ದು, ನ್ಯಾಯ ಕಡೆಗೂ ನಿಮ್ಮ ಕಣ್ಣೆದುರು ಗಡಗಡ ನಡುಗುತ್ತಿದ್ದು, ಅವಳನ್ನು ತಡೆಯಲು ನಿಮ್ಮ ಹೆಸರನ್ನೇ ಗಟ್ಟಿಯಾಗಿ ಕೂಗಬೇಕಾಗಿದ್ದರೆ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?